ಎಳೆದಾಡಿದ ಕಾಲೇಜು ಪ್ರೇಮದ ಕಾದಂಬರಿಯನ್ನು ತಿದ್ದಿದ ಬಗೆ

ಹಾಸನದ ಡಿಗ್ರಿ ಕಾಲೇಜೊಂದರಲ್ಲಿ ನಡೆಯುವ ನನ್ನ ಕಾದಂಬರಿಯ ಮೊದಲ ಕರಡು 38 ಅಧ್ಯಾಯ, 92,000 ಪದ. ಡೆಮಿ 1/8 ಎಂಬ ಪುಸ್ತಕದ ಅಳತೆಯಲ್ಲಿ ಪುಟಕ್ಕೆ 250 ಪದ ಹಿಡಿದರೆ 370 ಪುಟದ ಹತ್ತಿರ. ಓದಿದ ನಾಲ್ವರದೂ ಒಂದೇ ಮಾತು: ‘ಚೆನ್ನಾಗಿದೆ, ಆದ್ರೆ ಎಳೀತು.’ ಇಷ್ಟನ್ನೇ ಇಟ್ಟುಕೊಂಡು ಏನನ್ನೂ ತಿದ್ದಲಾಗದು. ಹಾಗಾಗಿ ಎರಡನೇ ಸುತ್ತಿನಲ್ಲಿ ಅಭಿಪ್ರಾಯ ಕೇಳಲಿಲ್ಲ, ಪೆನ್ಸಿಲ್ ಕೊಟ್ಟೆ: ಓದು ನಿಲ್ಲಿಸಿ ಎದ್ದ ಜಾಗಕ್ಕೆ ಗೆರೆ, ಹಾರಿಸಿದ ಪುಟಕ್ಕೆ ಕಾಟು. ಗುರುತುಗಳೆಲ್ಲ 11ರಿಂದ 24ನೇ ಅಧ್ಯಾಯದೊಳಗೇ ಗುಂಪಾಗಿ ಬಿದ್ದವು.

ಆಮೇಲೆ ಒಂದು ಉದ್ದನೆಯ ರಿಜಿಸ್ಟರ್. ನಾಯಕ, ನಾಯಕಿ ಇಬ್ಬರೂ ಎದುರಾಗುವ ಪ್ರತಿ ಸನ್ನಿವೇಶಕ್ಕೆ ಒಂದು ಸಾಲು, ಸಾಲಿಗೆ ನಾಲ್ಕು ಮನೆ: ಎಲ್ಲಿ, ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಹೊಸದಾಗಿ ಗೊತ್ತಾದದ್ದೇನು, ಮಾತಾಡದೆ ಉಳಿದದ್ದರಿಂದ ಕಳಕೊಂಡದ್ದೇನು, ಒಬ್ಬರನ್ನೊಬ್ಬರು ಏನೆಂದು ಕರೆದರು. ಒಟ್ಟು 61 ಸಾಲಾಯಿತು. ಅದರಲ್ಲಿ 27 ಸಾಲುಗಳ ಎರಡನೇ ಮನೆ ಖಾಲಿ. ಅವನು ನೋಡಿದ, ಅವಳು ತಲೆ ತಗ್ಗಿಸಿದಳು, ಬೆಲ್ ಹೊಡೆಯಿತು. ಸ್ಲೋ ಬರ್ನ್, ಅಂದರೆ ನಿಧಾನವಾಗಿ ಕಾವೇರುವ ಪ್ರೇಮ, ಅಂದುಕೊಂಡು ಬರೆದದ್ದು ಇದು. ಕಾಫಿ ಫಿಲ್ಟರಿನಲ್ಲಿ ಪುಡಿಯ ಮೇಲಿನ ಬಿಲ್ಲೆಯನ್ನು ಅತಿಯಾಗಿ ಒತ್ತಿದರೆ ಡಿಕಾಕ್ಷನ್ ನಿಧಾನವಾಗಿ ಇಳಿಯುವುದಿಲ್ಲ, ಇಳಿಯುವುದೇ ಇಲ್ಲ. 27ರಲ್ಲಿ 19ನ್ನು ಕಿತ್ತೆ. ಆರಕ್ಕೆ ಒಂದೊಂದು ಹೊಸ ಸಂಗತಿ ಸೇರಿಸಿದೆ: ಅವಳಿಗೆ ಕನ್ನಡಕ ಇದೆ, ತರಗತಿಯಲ್ಲಿ ಹಾಕುವುದಿಲ್ಲ, ಅವನು ಬಸ್ ಪಾಸಿನ ಹಿಂದೆ ಸಾಲದ ಲೆಕ್ಕ ಬರೆದಿಟ್ಟುಕೊಳ್ಳುತ್ತಾನೆ. ಇಷ್ಟೇ ಸಣ್ಣದು ಸಾಕು.

ನಾಲ್ಕನೇ ಮನೆಯೇ ನಿಜವಾಗಿ ಕೈ ಹಿಡಿದದ್ದು. ನಾಯಕ ಸಕಲೇಶಪುರ ಕಡೆಯವನು, ಎರಡು ವರ್ಷ ಮನೆಯ ಕಾಫಿ ತೋಟ ನೋಡಿಕೊಂಡು ತಡವಾಗಿ ಬಿ.ಎಸ್ಸಿ ಸೇರಿದವನು. ಹಾಗಾಗಿ ಒಂದೇ ಕ್ಲಾಸಾದರೂ ಅವಳು ‘ನೀವು’ ಅನ್ನುತ್ತಾಳೆ, ಅವನೂ ‘ನೀವು’. ಮೊದಲ ಕರಡಿನಲ್ಲಿ 3ನೇ ಅಧ್ಯಾಯದಲ್ಲಿ ‘ನೀನು’ ಬಂದು, 9ರಲ್ಲಿ ಮತ್ತೆ ‘ನೀವು’ ಆಗಿತ್ತು. ಬೇಕೆಂದು ಮಾಡಿದ್ದಲ್ಲ, ಗಮನಿಸದೆ ಆದದ್ದು. ನಮ್ಮ ಭಾಷೆ ಬಿಟ್ಟಿಯಾಗಿ ಕೊಟ್ಟ ಮೆಟ್ಟಿಲನ್ನು ಹಾಗೆ ಹಾಳು ಮಾಡಬಾರದು. ಈಗಿನ ಕ್ರಮ ಹೀಗಿದೆ. 12ನೇ ಅಧ್ಯಾಯದವರೆಗೆ ‘ನೀವು’, ಮಾತಿನ ಕೊನೆಯಲ್ಲಿ ‘ರೀ’. 13ರಿಂದ 19ರವರೆಗೆ ಎರಡನ್ನೂ ತಪ್ಪಿಸುವ ಮಾತು: ‘ಊಟ ಆಯ್ತಾ?’, ‘ಬಸ್ಸು ಸಿಕ್ತಾ?’, ‘ಯಾವಾಗ ಬಂದಿದ್ದು?’ ಬಂದೆ, ಬಂದಿರಿ ಎರಡನ್ನೂ ನುಂಗಿಕೊಳ್ಳುವ ಈ ‘ಬಂದಿದ್ದು’ ಇದೆಯಲ್ಲ, ಒಂದು ಪುಟದ ವರ್ಣನೆಗಿಂತ ಹೆಚ್ಚು ಕೆಲಸ ಮಾಡುತ್ತದೆ. 20ರಲ್ಲಿ ಅವಳ ಬಾಯಿ ತಪ್ಪಿ ‘ನೀನು’ ಬರುತ್ತದೆ, ಇಬ್ಬರೂ ಕೇಳಿಸಿಕೊಳ್ಳದವರಂತೆ ನಟಿಸುತ್ತಾರೆ. 25ರ ಜಗಳದಲ್ಲಿ ‘ನೀವು’ ಮರಳುತ್ತದೆ. ಅದು ಬೈಗುಳಕ್ಕಿಂತ ಚುಚ್ಚುತ್ತದೆ.

ಕಾಲದ ಲೆಕ್ಕ ಇನ್ನೊಂದು ತೂತು. ಆರು ಸೆಮಿಸ್ಟರ್ ಇದ್ದರೂ ಕತೆಯಲ್ಲಿ ಯಾವಾಗಲೂ ಮಳೆ. ಅದೂ ಸಕಲೇಶಪುರದ ಮಳೆ. ನಲವತ್ತು ಕಿಲೋಮೀಟರ್ ಈಚೆಗಿನ ಹಾಸನ ಪೇಟೆಯಲ್ಲಿ ಅಷ್ಟು ಹೊಯ್ಯುವುದಿಲ್ಲ, ಊರಿನವರು ಮೊದಲ ಪುಟದಲ್ಲೇ ಹಿಡಿಯುತ್ತಾರೆ. ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿ ಬಾಗಿಲು ತೆಗೆಯುವ ದಿನಗಳನ್ನು ಗೂಟ ಮಾಡಿಕೊಂಡೆ: ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆದು ಬಲಿಪಾಡ್ಯಮಿ ಮುಗಿಯುತ್ತಿದ್ದಂತೆ ಮುಚ್ಚುತ್ತದೆ. ಮೂರು ವರ್ಷ, ಮೂರು ಸಲ ದರ್ಶನದ ಕ್ಯೂ. ಮೊದಲ ವರ್ಷ ಅವರು ಬೇರೆ ಬೇರೆ ಸಾಲಿನಲ್ಲಿ, ಎರಡನೇ ವರ್ಷ ಮಧ್ಯೆ ಅವಳ ಅಮ್ಮ, ಮೂರನೇ ವರ್ಷ ಹಿಂದೆ ಮುಂದೆ. ಓದುವವರಿಗೆ ಬದಲಾವಣೆ ಹೇಳದೆಯೇ ಕಾಣುತ್ತದೆ. ಮುಚ್ಚಿದ ಗುಡಿಯೊಳಗೆ ವರ್ಷವಿಡೀ ಆರದ ದೀಪದ ನಂಬಿಕೆಯನ್ನು ಪ್ರೇಮಕ್ಕೆ ಹೋಲಿಸಿ ಒಂದು ಪ್ಯಾರಾ ಬರೆದಿದ್ದೆ, ಅದನ್ನು ತೆಗೆದುಹಾಕಿದೆ. ಆ ದೀಪ ಎದುರಿಗಿದ್ದರೆ ಯಾರ ಪೆನ್ನಿಗಾದರೂ ಮೊದಲು ಬರುವುದು ಅದೇ ಹೋಲಿಕೆ.

ಇಬ್ಬರೂ ಯಾಕೆ ಹೇಳಿಕೊಳ್ಳುವುದಿಲ್ಲ? ಕರಡಿನಲ್ಲಿ ಕಾರಣ, ಅರ್ಧ ಕೇಳಿಸಿಕೊಂಡ ಒಂದು ಫೋನ್ ಮಾತು. ಒಂದು ಪ್ರಶ್ನೆಯಲ್ಲಿ ಬಗೆಹರಿಯುವ ತಪ್ಪು ತಿಳುವಳಿಕೆಯ ಮೇಲೆ ನೂರೈವತ್ತು ಪುಟ ನಿಲ್ಲಿಸಿದರೆ ಓದುಗರು ಪಾತ್ರಗಳ ಮೇಲೇ ಸಿಟ್ಟಾಗುತ್ತಾರೆ. ಅದರ ಬದಲು ಊರಿನಲ್ಲೇ ಇರುವ ಕಾರಣಗಳನ್ನು ಹಾಕಿದೆ. ಅರೇಬಿಕಾ ಹಣ್ಣು ಬಿಡಿಸುವುದು ನವೆಂಬರಿನಿಂದ ಜನವರಿವರೆಗೆ, ರೊಬಸ್ಟಾ ಅದರ ಹಿಂದೆಯೇ. ಆಳು ಸಿಗದ ವರ್ಷ ಮಗ ತೋಟದಲ್ಲಿರಲೇಬೇಕು. ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಅವನು ಮಾಯವಾಗುವುದಕ್ಕೂ, ಅವಳು ನೋಟ್ಸ್ ಬರೆದಿಡುವುದಕ್ಕೂ ಇಷ್ಟು ಸಾಕಾಯಿತು. ಇನ್ನು ಜಾತಿ. ಅದನ್ನು ಬಚ್ಚಿಟ್ಟು 35ನೇ ಅಧ್ಯಾಯದಲ್ಲಿ ಅಪ್ಪನ ಬಾಯಲ್ಲಿ ಕೂಗಿಸುವುದು ಮೋಸ. ನಮ್ಮ ಕಡೆ ‘ಯಾವೂರು? ಯಾರ ಪೈಕಿ?’ ಎಂಬ ಪ್ರಶ್ನೆ ಎರಡನೇ ಕಾಫಿಗೇ ಬಂದುಬಿಡುತ್ತದೆ. ಅದನ್ನು 4ನೇ ಅಧ್ಯಾಯಕ್ಕೆ ತಂದೆ, ಪಿ.ಜಿ. ನಡೆಸುವ ಆಂಟಿಯ ಬಾಯಲ್ಲಿ. ಅಲ್ಲಿಂದಾಚೆ ಇಬ್ಬರಿಗೂ ಗೊತ್ತು, ಓದುಗರಿಗೂ ಗೊತ್ತು. ಅವರ ಮೌನಕ್ಕೆ ತೂಕ ಬಂತು.

ಕೀಟಲೆಗಷ್ಟೇ ಇದ್ದ ಗೆಳೆಯರು ಮೂವರಿಂದ ಒಬ್ಬನಿಗೆ ಇಳಿದರು.

ಮನಸ್ಸು ಬಿಚ್ಚುವ ಸನ್ನಿವೇಶ 36ನೇ ಅಧ್ಯಾಯದಲ್ಲಿ, ಎರಡೇ ಪುಟ ಇತ್ತು. ಅಷ್ಟು ಕಾಯಿಸಿ ಎರಡು ಪುಟ ಕೊಟ್ಟರೆ ಬಡಿಸದೆ ಎಲೆ ಎತ್ತಿದ ಹಾಗೆ. ಅಧ್ಯಾಯಗಳು 38ರಿಂದ 31ಕ್ಕೆ ಇಳಿದ ಮೇಲೆ ಅದನ್ನು 27ಕ್ಕೆ ತಂದೆ. ಉಳಿದ ನಾಲ್ಕು ಅಧ್ಯಾಯ, ಸುಮಾರು 9,000 ಪದ, ಹೇಳಿಕೊಂಡ ಮೇಲೆ ಅವರು ಹೇಗಿರುತ್ತಾರೆ ಎಂಬುದಕ್ಕೆ. ಕಾದವರಿಗೆ ಬೇಕಿದ್ದದ್ದು ಅದು.

ಈಗ 71,000 ಪದ. ಲೈಬ್ರರಿಯ ಎರಡು ಸಾಲು ಮಾತ್ರ ರಿಜಿಸ್ಟರಿನಲ್ಲಿ ಇನ್ನೂ ಖಾಲಿ. ಒಂದು ಮಳೆ ಸುರಿಸಿ ದಾಟಿಬಿಡೋಣ ಅನ್ನಿಸುತ್ತದೆ, ಆದರೆ ಆ ಅಧ್ಯಾಯ ನಡೆಯುವುದು ಜನವರಿಯಲ್ಲಿ.