ಸೀಸದ ಹಿತ್ತಲಲ್ಲಿ ಬದನೆ ಬೆಳೆದ ಕಥೆ

ನಮ್ಮಪ್ಪ ಹಾಸನದ ಮನೆ ಹಿತ್ತಲಲ್ಲೇ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ ಮಗಳ ರಕ್ತದ ರಿಪೋರ್ಟ್ ಬಂತು: ಸೀಸ ಡೆಸಿಲೀಟರಿಗೆ (ನೂರು ಮಿಲಿ ರಕ್ತಕ್ಕೆ) 11 ಮೈಕ್ರೋಗ್ರಾಂ, ಮಗುವಿಗೆ ಜಾಸ್ತಿಯೇ. ಹಿತ್ತಲ ಮಣ್ಣು ಪರೀಕ್ಷೆಗೆ ಕಳಿಸಿದರೆ ಅಲ್ಲಿ ಸೀಸ ಸಾವಿರದ ಮೇಲೆ ಪಿಪಿಎಂ, ಅಂದರೆ ಕಿಲೋ ಮಣ್ಣಿಗೆ ಒಂದು ಗ್ರಾಂಗಿಂತ ಜಾಸ್ತಿ.

ಮೊದಲ ಪೆದ್ದತನ, ಜೆಸಿಬಿ ತರಿಸಿ ಅರ್ಧ ಅಡಿ ಮಣ್ಣು ತೆಗೆಸಿದ್ದು. ಸುಡು ಬೇಸಿಗೆ. ಧೂಳೆಲ್ಲ ಮನೆಯೊಳಗೆ. ಹದಿನೆಂಟು ಸಾವಿರ ಹೋಯ್ತು. ಕೆರೆ ಪಕ್ಕ ಸುರಿಯೋಣ ಅಂದ ಟ್ರ್ಯಾಕ್ಟರಿನವನು. ಬೇಡವೆಂದೆ. ಆ ಗುಡ್ಡೆ ಒಂದು ವರ್ಷ ಟಾರ್ಪಾಲಿನಡಿ ಬಿದ್ದಿತ್ತು. ಕೊನೆಗೆ ಕಾರ್ ಶೆಡ್ಡಿನ ಕಾಂಕ್ರೀಟಿನಡಿ ಹಾಕಿದೆ.

ಆಮೇಲೆ ಸೂರ್ಯಕಾಂತಿ. ಗಿಡ ಸೀಸ ಹೀರುತ್ತದೆ ಅಂತ ಎಲ್ಲೋ ಕೇಳಿದ್ದೆ. ಗಿಳಿಗಳಿಗೆ ಹಬ್ಬ, ಮಣ್ಣಿನ ರಿಪೋರ್ಟ್ ಮಾತ್ರ ಇದ್ದಲ್ಲೇ ಇತ್ತು. ಸೀಸ ಮಣ್ಣಿಗೆ ಅಂಟಿಕೊಂಡೇ ಇರುತ್ತದೆ, ಗಿಡಕ್ಕೆ ಹತ್ತುವುದು ಅಷ್ಟಕ್ಕಷ್ಟೇ.

ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ 1880ರ ದಶಕದಿಂದ ಸೀಸದ ಗಣಿ ಇದೆ. ಊರನ್ನೇ ಅಗೆದು ಎಸೆಯಲಾಗುತ್ತದಾ? ಮಣ್ಣು ಮುಚ್ಚುತ್ತಾರೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಮಕ್ಕಳ ಕೈ ತೊಳೆಸುತ್ತಾರೆ. ನಾನೂ ಅದನ್ನೇ ಹಿಡಿದೆ.

ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಗಟ್ಟಿ ಬಟ್ಟೆ) ಹಾಸಿ, ಸೈಜುಗಲ್ಲಿನಿಂದ ಒಂದೂವರೆ ಅಡಿ ಎತ್ತರದ ಮಡಿ ಕಟ್ಟಿ, ಪರೀಕ್ಷೆ ಮಾಡಿಸಿದ ಕೆರೆ ಗೋಡು ತುಂಬಿದೆ. ಉಳಿದ ಜಾಗಕ್ಕೆ, ಸೀಸ ಸುಲಭಕ್ಕೆ ಕರಗದಿರಲಿ ಅಂತ, ಸುಣ್ಣ, ಕಾಫಿ ತೋಟದವರು ಹಾಕುವ ರಾಕ್ ಫಾಸ್ಫೇಟ್, ಮೇಲೆ ಹುಲ್ಲು. ಎಷ್ಟಕ್ಕೆ ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ, ಮೂರು ಸಲ ಕೆಟ್ಟು ಕಲಿತದ್ದು. ಎಲ್ಲ ಸೇರಿ ನಲವತ್ತು ಸಾವಿರದ ಆಸುಪಾಸು. "ಮಣ್ಣಿಗೆ ಚಾಪೆ ಹಾಸ್ತೀಯಾ?" ಅಂತ ನಕ್ಕರು ಪಕ್ಕದ ಮನೆಯವರು.

ಕಷ್ಟವಾಗಿದ್ದು ಧೂಳೆಬ್ಬಿಸುವ ಪೊರಕೆ ಬಿಡಿಸುವುದು. "ಕಸ ಗುಡಿಸದ ಮನೆಗೆ ಲಕ್ಷ್ಮಿ ಬರ್ತಾಳೇನೋ?" ಅಂತ ಅಮ್ಮ ಎರಡು ತಿಂಗಳು ಮಾತೇ ಬಿಟ್ಟರು. ಈಗ ಒಳಗೆಲ್ಲ ಒದ್ದೆ ಮಾಪ್ ಮಾತ್ರ, ಚಪ್ಪಲಿ ಗೇಟಿನ ಹತ್ತಿರವೇ. ಮಗಳಿಗೆ ರಾಗಿ, ಹಾಲು ಜಾಸ್ತಿ. ಹೊಟ್ಟೆಗೆ ಸುಣ್ಣದಂಶ, ಕಬ್ಬಿಣದಂಶ ಸಾಕಷ್ಟು ಬಿದ್ದರೆ ಸೀಸ ಒಳಗಿಳಿಯುವುದು ಕಮ್ಮಿ.

ಮಡಿಯಲ್ಲಿ ಬದನೆ, ಬೆಂಡೆ, ಅವರೆ. ಸೊಪ್ಪು, ಮೂಲಂಗಿ ಇನ್ನೂ ಸಂತೆಯಿಂದಲೇ. ಮಳೆಗೆ ಸಿಡಿದ ಮಣ್ಣು ಎಲೆಗೆ ಹತ್ತುತ್ತದೆ ಅನ್ನೋ ಭಯ ನನಗೆ ಹೋಗಿಲ್ಲ.

ಒಂದೂವರೆ ವರ್ಷದಲ್ಲಿ ಮಗಳದು ನಾಲ್ಕರ ಹತ್ತಿರ ಬಂತು. ಇನ್ನೂ ಇಳಿಯಬೇಕು. ನಕ್ಕವರು ಈಗ ಮಿಕ್ಕಿದ ಜಿಯೋಟೆಕ್ಸ್‌ಟೈಲ್ ತುಂಡು ಕೇಳಿಕೊಂಡು ಹೋಗಿದ್ದಾರೆ.

ನಾಟಿ ಕೋಳಿ ವಿಷಯದಲ್ಲಿ ಮಾತ್ರ ಸೋತೆ. ಮಣ್ಣು ಕೆದಕಿ ತಿಂದರೆ ಮೊಟ್ಟೆಗೂ ಸೀಸ ಇಳಿಯುತ್ತದೆ. ನಾಲ್ಕನ್ನೂ ಮಾವನ ಮನೆಗೆ ಕಳಿಸಿದೆ. ಕಾಂಕ್ರೀಟಿನ ಮೇಲೆ ಗೂಡು ಕಟ್ಟುತ್ತಿದ್ದೇನೆ.