ಹೆಸರು ಆಮೇಲೆ ಕೇಳಿ, ಮೊದಲು ಊಟ ನೋಡಿ

ಹಕ್ಕಿ ನೋಡಲು ಹೊರಟವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಪುಸ್ತಕದಲ್ಲಿ ಹೆಸರು ಹುಡುಕುತ್ತಾರೆ. ಹೆಸರು ಸಿಕ್ಕ ಕೂಡಲೇ ಮುಂದಿನ ಹಕ್ಕಿಗೆ ಹೊರಡುತ್ತಾರೆ. ಹಾಗೆ ಮಾಡಬೇಡಿ. ಅದು ಎಲ್ಲಿ ನಿಂತಿದೆ, ಏನು ತಿನ್ನುತ್ತಿದೆ ಎಂದು ಮೊದಲು ನೋಡಿ. ಆಗ ಹಕ್ಕಿ ನಿಜವಾಗಿ ಪರಿಚಯವಾಗುತ್ತದೆ, ಹೆಸರೂ ಮರೆಯುವುದಿಲ್ಲ.

ಮೊದಲು ಒಂದೇ ಒಂದು ಜಾಗ ಆರಿಸಿಕೊಳ್ಳಿ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಅಥವಾ ಕಾರಂಜಿ ಕೆರೆ ಸಾಕು. ಮಂಡ್ಯದ ಕಡೆಯವರಿಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನ ಯಾವ ಗದ್ದೆಯಾದರೂ ಸರಿ. ಬೆಳಗ್ಗೆ ಆರೂವರೆಯಿಂದ ಎಂಟೂವರೆ ಒಳ್ಳೆಯ ಹೊತ್ತು. ಒಂದು ನೋಟ್‌ಬುಕ್, ಪೆನ್ಸಿಲ್ ಇರಲಿ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಕೆರೆಗೆ ಹೋದರೆ ನೀರನ್ನು ಆಳದ ಪ್ರಕಾರ ಭಾಗ ಮಾಡಿ ನೋಡಿ. ಆಳದ ನೀರಿನಲ್ಲಿ ನೀರುಕಾಗೆ ಮುಳುಗಿ ಮೀನು ಹಿಡಿಯುತ್ತದೆ. ಹೆಜ್ಜಾರ್ಲೆ ತೇಲುತ್ತಲೇ ಕೊಕ್ಕಿನ ಕೆಳಗಿನ ಚೀಲದಲ್ಲಿ ಮೀನು ಬಾಚುತ್ತದೆ. ಹಾವಕ್ಕಿ ಚೂಪಾದ ಕೊಕ್ಕಿನಿಂದ ಮೀನನ್ನು ಚುಚ್ಚುತ್ತದೆ, ಆಮೇಲೆ ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತದೆ. ಕಾಲು ಮುಳುಗುವಷ್ಟು ನೀರಿನಲ್ಲಿ ಬಣ್ಣದ ಕೊಕ್ಕರೆ ಬಾಯಿ ಅರ್ಧ ತೆರೆದು ನೀರಿನೊಳಗೆ ಆಚೀಚೆ ಆಡಿಸುತ್ತಿರುತ್ತದೆ. ಅದು ಕಣ್ಣಿಂದ ಹುಡುಕುತ್ತಿಲ್ಲ. ಮೀನು ತಾಗಿದ ಕ್ಷಣ ಕೊಕ್ಕು ಮುಚ್ಚುತ್ತದೆ, ಅಷ್ಟೇ. ನೀರು ಕಲಕಿದ್ದರೂ ಅದಕ್ಕೆ ಊಟ ಸಿಗುವುದು ಇದರಿಂದಲೇ. ದಡದ ಕೊಂಬೆಯ ಮೇಲೆ ಮಿಂಚುಳ್ಳಿ ಕಾಯುತ್ತಿರುತ್ತದೆ. ಕೆರೆ ಒಂದೇ ಆದರೂ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವುದು ಕಡಿಮೆ.

ಇಷ್ಟಾದ ಮೇಲೆ ಒಂದೇ ಹಕ್ಕಿಯನ್ನು ಹತ್ತು ನಿಮಿಷ ನೋಡಿ. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಗದ್ದೆ ಬಯಲಿನಲ್ಲಾದರೆ ಬಾಯಿಕಳಕ ಕೊಕ್ಕರೆಯನ್ನು ಆರಿಸಿಕೊಳ್ಳಿ. ಕೊಕ್ಕು ಮುಚ್ಚಿದರೂ ನಡುವೆ ಸಂದು ಕಾಣುತ್ತದೆ. ಮರಿಗಳಿಗೆ ಈ ಸಂದು ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ಇದರ ಮುಖ್ಯ ಊಟ ನೀರಿನ ಬಸವನಹುಳು. ಕೆಸರಿನಲ್ಲಿ ತಡಕಿ ಹುಳು ಹಿಡಿಯುತ್ತದೆ. ಕೆಳಗಿನ ಕೊಕ್ಕಿನ ತುದಿಯನ್ನು ಚಿಪ್ಪಿನ ಬಾಯಿಗೆ ತೂರಿಸಿ ಒಳಗಿನ ಮಾಂಸ ಬಿಡಿಸಿಕೊಳ್ಳುತ್ತದೆ. ಚಿಪ್ಪು ಒಡೆಯುವ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಬದುವಿನ ಮೇಲೆ ಖಾಲಿ ಚಿಪ್ಪು ಬಿದ್ದಿದ್ದರೆ ಎತ್ತಿ ನೋಡಿ.

ಗದ್ದೆ ಉಳುವಾಗ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ, ಗೊರವಂಕ ಸಾಲಾಗಿ ಬರುವುದನ್ನು ಎಲ್ಲರೂ ನೋಡಿದ್ದೀರಿ, ಅಲ್ವಾ? ಮಣ್ಣಿನಿಂದ ಎದ್ದ ಹುಳುಗಳಿಗಾಗಿ ಬರುತ್ತವೆ. ಕಂಬಿಯ ಮೇಲೆ ಸುಮ್ನೆ ಕೂತಂತೆ ಕಾಣುವ ಕಾಜಾಣ, ನೀಲಕಂಠ ಕೂಡ ಹುಳುವಿಗೇ ಕಾಯುತ್ತಿರುತ್ತವೆ. ಗೀಜಗ ಕಾಳು ತಿನ್ನುತ್ತದೆ, ನಿಜ. ಆದರೆ ಮರಿಗಳಿಗೆ ತಂದು ಕೊಡುವುದರಲ್ಲಿ ಹುಳು ಜಾಸ್ತಿ. ಕಾಳು ತಿನ್ನುತ್ತದೆಂದು ಅದರ ಗೂಡು ಕೀಳುವ ರೈತರು ಇದನ್ನು ತಿಳಿದಿರಬೇಕು.

ಊರೊಳಗೆ ಆಲ, ಅತ್ತಿ, ಅರಳಿ ಹಣ್ಣಾದಾಗ ಕೆಳಗೆ ನಿಲ್ಲಿ. ಕುಟ್ರುಹಕ್ಕಿ, ಕೋಗಿಲೆ, ಪಿಕಳಾರ ಎಲ್ಲವೂ ಒಂದೇ ಮರದಲ್ಲಿ ಸಿಗುತ್ತವೆ. ಕುಟ್ರುಹಕ್ಕಿಗೆ ಗೂಡು ಕೊರೆಯಲು ಒಣಗಿದ ಕೊಂಬೆ ಬೇಕು. ಅಪಾಯವಿಲ್ಲದಿದ್ದರೆ ಅಂಥ ಕೊಂಬೆ ಕಡಿಸಬೇಡಿ.

ಕೊನೆಗೆ ಗೂಡಿನ ಜಾಗ ನೋಡಿ, ಏಕೆಂದರೆ ಊಟದ ಜಾಗವೇ ಮನೆಯಾಗಿರಬೇಕೆಂದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಮೀನಿಗೆ ಮಾತ್ರ ದೂರದ ಕೆರೆಗಳಿಗೆ ಹಾರಬೇಕು. ಆ ಕೆರೆಗಳು ಬತ್ತಿದರೆ ಹುಣಸೆ ಮರ ಇದ್ದೂ ಪ್ರಯೋಜನವಿಲ್ಲ. ಮರದ ಕೆಳಗೆ ಬೀಳುವ ಹಿಕ್ಕೆಯನ್ನು ಅಲ್ಲಿಯ ರೈತರು ಗೊಬ್ಬರ ಮಾಡಿಕೊಳ್ಳುತ್ತಾರೆ. ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟು ಇನ್ನೊಂದು ದೊಡ್ಡ ತಾಣ. ಪಕ್ಷಿತಜ್ಞ ಸಲೀಂ ಅಲಿ ಹೇಳಿದ್ದರಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಗೂಡಿನ ಹತ್ತಿರ ಹೋಗಬೇಡಿ, ಶಬ್ದ ಮಾಡಬೇಡಿ. ಬೆದರಿ ತಾಯಿ ಎದ್ದರೆ ಮೊಟ್ಟೆ ಕಾಗೆಯ ಪಾಲಾಗಬಹುದು.

ನೋಟ್‌ಬುಕ್ಕಿನಲ್ಲಿ ತಾರೀಕು, ಹೊತ್ತು, ನೀರು ಎಷ್ಟಿತ್ತು, ಕೊಕ್ಕಿನಲ್ಲಿ ಏನಿತ್ತು ಎಂದು ಬರೆಯಿರಿ. ಅದೇ ಜಾಗಕ್ಕೆ ನಾಟಿಯ ಹೊತ್ತಿನಲ್ಲಿ ಒಮ್ಮೆ, ಕೊಯ್ಲಿನ ಹೊತ್ತಿನಲ್ಲಿ ಒಮ್ಮೆ ಹೋಗಿ. ಕೆರೆಗೆ ಬ್ರೆಡ್ಡು, ಪುರಿ ಎಸೆಯಬೇಡಿ. ಅದು ಅವುಗಳ ಊಟವಲ್ಲ, ನೀರೂ ಕೆಡುತ್ತದೆ.