ಹಿಮ ಕರಗುವ ವಾರಕ್ಕೊಂದು ತಗ್ಗು

ಚಳಿ ನಾಡಿನ ನಗರಗಳನ್ನು ದೊಡ್ಡ ಮಳೆಯ ಹಾಗೇ ಚಳಿಗಾಲದ ಕೊನೆಯೂ ಕಾಡುತ್ತದೆ. ತಿಂಗಳುಗಟ್ಟಲೆ ಬಿದ್ದ ಹಿಮ ಕೆಲವೇ ದಿನಗಳಲ್ಲಿ ಕರಗಿಬಿಡುತ್ತದೆ. ಆಗ ಕೆಳಗಿನ ಮಣ್ಣು ಇನ್ನೂ ಹೆಪ್ಪುಗಟ್ಟಿಯೇ ಇರುತ್ತದೆ. ನೀರು ಇಂಗುವುದಾದರೂ ಎಲ್ಲಿ? ಅದರ ಮೇಲೆ ಮಳೆಯೂ ಬಂದರೆ ಕೇಳುವುದೇ ಬೇಡ. ಹಾಗಾಗಿ ಅಂಗಳದಲ್ಲಿ ರೇನ್ ಗಾರ್ಡನ್, ಅಂದರೆ ನೀರು ನಿಂತು ಇಂಗುವ ಗಿಡಗಳ ತಗ್ಗು ಮಾಡುವವರು ಹಿಮ ಕರಗುವ ಈ ವಾರವನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಮೊದಲು, ಹಿಮ ಕರಗುವ ದಿನ ಸುಮ್ನೆ ಹೊರಗೆ ಹೋಗಿ ನಿಂತು ನೀರಿನ ದಾರಿ ನೋಡಿ. ಸದಾ ನೀರು ನಿಲ್ಲುವ ಜಾಗ ಆರಿಸಬೇಡಿ. ಅಲ್ಲಿ ಇಂಗುತ್ತಿಲ್ಲ ಅಂತಲೇ ಅರ್ಥ ಅಲ್ವಾ? ಗೋಡೆಯಿಂದ ಕನಿಷ್ಠ 3 ಮೀಟರ್ ದೂರವಿರಲಿ.

ಮಣ್ಣು ಸಡಿಲವಾದ ಮೇಲೆ 30 ಸೆಂ.ಮೀ. ಗುಂಡಿ ತೋಡಿ ನೀರು ತುಂಬಿಸಿ. 24 ಗಂಟೆಯೊಳಗೆ ಇಂಗಿದರೆ ಜಾಗ ಸರಿ. ಇಂಗದಿದ್ದರೆ ತಗ್ಗಿನ ಅಡಿಯಲ್ಲಿ ಜಲ್ಲಿ ಹಾಕಿ, ನೀರು ಹರಿದುಹೋಗಲು ಅದರೊಳಗೆ ತೂತುಗಳಿರುವ ಪೈಪ್ ಮಲಗಿಸಬೇಕು.

ಇಲ್ಲೊಂದು ಗುಟ್ಟಿದೆ. ಹೆಪ್ಪುಗಟ್ಟಿದ ಮಣ್ಣೆಲ್ಲ ಒಂದೇ ಅಲ್ಲ. ನೀರು ಐಸ್ ಆಗುವಾಗ ಸುಮಾರು 9% ಹಿಗ್ಗುತ್ತದೆ. ಮಣ್ಣು ತೊಯ್ದಿರುವಾಗಲೇ ಹೆಪ್ಪುಗಟ್ಟಿದರೆ ಸಂದುಗಳೆಲ್ಲ ಐಸ್‌ನಿಂದ ಮುಚ್ಚಿ, ಕಾಂಕ್ರೀಟ್ ಹಾಕಿದ ಹಾಗಾಗುತ್ತದೆ. ಒಣಗಿದ್ದಾಗ ಹೆಪ್ಪುಗಟ್ಟಿದರೆ ಸಂದುಗಳು ತೆರೆದೇ ಇರುತ್ತವೆ, ಕರಗಿದ ಹಿಮ ಇಳಿದುಹೋಗುತ್ತದೆ. ಹಾಗಾಗಿ ಹೆಪ್ಪುಗಟ್ಟುವ ಮುಂಚೆ ತಗ್ಗು ಬೇಗ ಒಣಗಬೇಕು, ಅದಕ್ಕೇ 15ರಿಂದ 20 ಸೆಂ.ಮೀ. ಆಳ ಸಾಕು. ಅದರ ಕೆಳಗಿನ ಜಿಗುಟು ಮಣ್ಣು ತೆಗೆದು, ಆ ಜಾಗಕ್ಕೆ ದಪ್ಪ ಮರಳು ಜಾಸ್ತಿ ಇರುವ ಮಿಶ್ರಣ ತುಂಬಿ.

ನೀರು ಒಳಬರುವ ಬಾಯಿ ಅಗಲವಾಗಿರಲಿ. ಅಲ್ಲಿ 5 ಸೆಂ.ಮೀ.ನಷ್ಟು ಇಳಿಜಾರು ಕೊಟ್ಟರೆ ಐಸ್, ಕಸ ಕಟ್ಟಿಕೊಳ್ಳುವುದು ಕಡಿಮೆ. ಉಕ್ಕಿದ ನೀರು ಮನೆಯ ಕಡೆ ತಿರುಗದಂತೆ ಇನ್ನೊಂದು ದಾರಿಯನ್ನೂ ಬಿಡಿ.

ಇನ್ನು ಉಪ್ಪು. ನನಗೆ ಕೇಳಿದರೆ ಹಿಮಕ್ಕಿಂತ ದೊಡ್ಡ ತಲೆನೋವು ಇದೇ. ಐಸ್ ಕರಗಲೆಂದು ರಸ್ತೆಗೆ ಎರಚಿದ ಉಪ್ಪನ್ನು ಮರಳೂ ಸೋಸುವುದಿಲ್ಲ, ಬೇರೂ ತಡೆಯುವುದಿಲ್ಲ. ಅದು ನೇರ ಅಂತರ್ಜಲಕ್ಕೆ ಇಳಿಯುತ್ತದೆ. ಮೊದಲು ಕರಗುವ ನೀರಿನಲ್ಲೇ ಅದರ ಬಹುಪಾಲು ಇರುತ್ತದೆ. ಚಾವಣಿಯ ಹಿಮ ತಗ್ಗಿಗೆ ಹೋಗಲಿ, ರಸ್ತೆಯಿಂದ ತಳ್ಳಿದ ಹಿಮವನ್ನು ಬೇರೆ ಕಡೆ ಗುಡ್ಡೆ ಹಾಕಿ. ಮೈನಸ್ 10 ಡಿಗ್ರಿಗಿಂತ ಕೆಳಗೆ ಮಾಮೂಲಿ ಉಪ್ಪು ಅಷ್ಟಾಗಿ ಕೆಲಸವನ್ನೇ ಮಾಡುವುದಿಲ್ಲ. ಆದರೂ ಜನ ಚೆಲ್ಲುತ್ತಲೇ ಇರುತ್ತಾರೆ.

ಗಿಡಗಳಿಗೆ ಬಂದರೆ, ಆಳಕ್ಕೆ ಬೇರು ಬಿಡುವ, ಉಪ್ಪು ತಾಳುವ ಆಯಾ ಊರಿನ ಹುಲ್ಲುಗಳೇ ಒಳ್ಳೆಯದು. ಎಲೆ ಉದುರುವ ಕಾಲದಲ್ಲಿ ಒಣಗಿದ ಕಾಂಡಗಳನ್ನು ಕತ್ತರಿಸಬೇಡಿ. ನೀರಿನ ಬಾಯಿಯಲ್ಲಿ ಸೇರಿದ ಎಲೆ ಬಾಚಿದರೆ ಸಾಕು.

ಮೊದಲ ವರ್ಷ ತಗ್ಗಿನ ಮೇಲೆ ಐಸ್ ಪದರ ಕಂಡರೆ ಗಾಬರಿಯಾಗಬೇಡಿ, ಒಡೆಯಲೂ ಹೋಗಬೇಡಿ. ಮಣ್ಣು ಪೂರ್ತಿ ಕರಗಿದ ಮೇಲೂ ನೀರು ನಿಂತೇ ಇದ್ದರೆ ಮಾತ್ರ, ಮೇಲೆ ಕೂತ ಹೂಳನ್ನು ಕೆರೆದು ತೆಗೆಯಿರಿ.